ಕೇಳಿದವರಿಗೆ ಏನು ಹೇಳೋಣ?

ರಬಕವಿ-ಬನಹಟ್ಟಿಯ ಮಗ್ಗದ ಮುಂದೆ ಜೊತೆಗಾರನೊಬ್ಬ, “ನೀವು ಚರ್ಚಿಗೆ ಹೋಗಿ ಏನು ಬೇಡ್ತೀರಿ?” ಎಂದು ಕೇಳಿದರೆ ನಿಮ್ಮ ಉತ್ತರವೇನು? “ಏನಿಲ್ಲ ಬಿಡ್ರಿ” ಎನ್ನುತ್ತೀರಾ? ಈ ಸೀಮೆಯಲ್ಲಿ ನಾವು ಕೆಲವೇ ಮಂದಿ, ಅಂಜಿಕೆ ಸಹಜ. ಆದರೆ ಅಂಜಿಕೆಗೆ ಸೌಜನ್ಯವೆಂದು ಹೆಸರಿಡಬಾರದು.

ಚಳಿ ಕಾಯಿಸಿಕೊಳ್ಳುತ್ತಿದ್ದ ಪೇತ್ರರೂ ದಾಸಿಯೊಬ್ಬಳ ಪ್ರಶ್ನೆಗೆ ಅಂಜಿ ಯೇಸುಸ್ವಾಮಿಯನ್ನು ಅಲ್ಲಗಳೆದರು. ಮುಂದೆ ಅದೇ ಪೇತ್ರರು ತಮ್ಮ ಮೊದಲ ಪತ್ರದ 3ನೇ ಅಧ್ಯಾಯದಲ್ಲಿ, ನಮ್ಮ ನಂಬಿಕೆಯ ಕಾರಣ ಕೇಳಿದವರಿಗೆ ಉತ್ತರ ಸಿದ್ಧವಿರಬೇಕು, ಅದರಲ್ಲಿ ವಿನಯವಿರಬೇಕು ಎಂದು ಬುದ್ಧಿ ಹೇಳುತ್ತಾರೆ.

2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ ಉಕ್ಕಿ ಜಮಖಂಡಿ, ಮುಧೋಳ, ಬೀಳಗಿ ಭಾಗದ ಊರುಗಳಿಗೆ ನೀರು ನುಗ್ಗಿತು. ಅಂಥ ಹೊತ್ತಿನಲ್ಲಿ ರೊಟ್ಟಿಯ ಬುತ್ತಿ ಕೊಡುವಾಗ ಯಾರ ಧರ್ಮವನ್ನೂ ಕೇಳಬಾರದು. ಬುತ್ತಿಗೆ ಬದಲಾಗಿ ಪ್ರಾರ್ಥನೆಯನ್ನೂ ಬಯಸಬಾರದು. ಹಸಿವು ನಮ್ಮ ಬೋಧನೆಗೆ ಸಿಕ್ಕ ಅವಕಾಶವಲ್ಲ. ಆದರೆ ಉಂಡವರೇ, “ನಮಗಾಗಿ ಏಕೆ ಬಂದಿರಿ?” ಎಂದು ಕೇಳಿದರೆ ಪ್ರಭುವಿನ ಹೆಸರನ್ನು ಮರೆಮಾಚುವುದೂ ಸತ್ಯವಲ್ಲ. ಎರಡು ಮಾತಿನಲ್ಲಿ ಹೇಳಿ, ಸುಮ್ಮನಾಗಿ. ಉಳಿದದ್ದು ದೇವರ ಕೆಲಸ.

ಇಂದು ರಾತ್ರಿ ಜಪಸರ ಮುಗಿದ ಮೇಲೆ ಮಕ್ಕಳನ್ನು ಕೇಳಿರಿ: “ನಾವು ಯೇಸುವನ್ನು ಏಕೆ ನಂಬುತ್ತೇವೆ?” ನಮ್ಮ ಮನೆಯಲ್ಲೇ ಉತ್ತರವಿಲ್ಲದಿದ್ದರೆ ನೆರೆಯವರಿಗೆ ಏನು ಹೇಳೋಣ?