ಮಣ್ಣು ಹಸಿಯಾಗಿರುವಾಗಲೇ

(ಧ್ಯಾನಕ್ಕಾಗಿ: ಯೆರೆಮೀಯ 18 ಮತ್ತು 19ನೇ ಅಧ್ಯಾಯಗಳು)

ಬೇಸಿಗೆಯಲ್ಲಿ ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಸಂತೆಯಲ್ಲಿ ನಾವು ಗಡಿಗೆಯನ್ನು ಕೊಳ್ಳುವಾಗ ಬೆರಳಿನಿಂದ ತಟ್ಟಿ ನಾದವನ್ನು ಕೇಳುತ್ತೇವೆ. ಬಿರುಕಿದ್ದರೆ ನಾದವೇ ತಿಳಿಸುವದು. ಆದರೆ ಆ ಗಡಿಗೆಯು ಹೇಗೆ ಹುಟ್ಟಿತೆಂದು ನೋಡುವದಕ್ಕೆ ಕುಂಬಾರನ ಮನೆಗೆ ಹೋದವರು ನಮ್ಮಲ್ಲಿ ಎಷ್ಟು ಮಂದಿ? ದೇವರು ಯೆರೆಮೀಯನಿಗೆ ಕುಂಬಾರನ ಮನೆಗೆ ಇಳಿದು ಹೋಗೆಂದು ಅಪ್ಪಣೆಕೊಟ್ಟು, ಅಲ್ಲಿಯೇ ತನ್ನ ಮಾತನ್ನು ತಿಳಿಸಿದನು. ನಾವೂ ಇಳಿದು ಹೋಗೋಣ.

ಕುಂಬಾರನು ಕೆರೆಯ ಮಣ್ಣನ್ನು ತಂದು, ಕಲ್ಲು ಬೇರುಗಳನ್ನು ಆರಿಸಿ, ನೆನೆಸಿ, ಕಾಲಿನಿಂದ ತುಳಿದು ಹದಮಾಡುವನು. ಸುಣ್ಣಕಲ್ಲಿನ ಚೂರೊಂದು ಅಡಗಿ ಉಳಿದರೂ, ಸುಟ್ಟ ಬಳಿಕ ಅದು ಅರಳಿ ಪಾತ್ರೆಯನ್ನು ಸಿಡಿಸುವದು. ಆಮೇಲೆ ಮುದ್ದೆಯನ್ನು ತಿಗರಿಯ ನಡುವೆ ಇಟ್ಟು ತಿರುಗಿಸುವನು. ನೋಡುವವರಿಗೆ ಇದು ಸುಲಭ. ಕಲಿಯುವವನು ಕೈ ಇಟ್ಟನೋ, ಮುದ್ದೆಯು ಅತ್ತಿತ್ತ ಹೊಯ್ದಾಡಿ ಕುಸಿಯುವದು. ಮಣ್ಣು ನಡುವೆ ನಿಲ್ಲುವ ತನಕ ಗೋಡೆಯು ಏಳಲಾರದು. ಕೈಯನ್ನು ಕೆಸರು ಮಾಡಿಕೊಳ್ಳದೆ ಯಾರೂ ಇದನ್ನು ಕಲಿಯಲಾರರು. ವಾರವಾರವೂ ವಾಕ್ಯವನ್ನು ಕೇಳಿ ಅದರಂತೆ ನಡೆಯದವನು, ತಿಗರಿಯನ್ನು ನೋಡುತ್ತಾ ಕುಳಿತು ತನ್ನನ್ನು ಕುಂಬಾರನೆಂದು ಎಣಿಸಿಕೊಂಡವನ ಹಾಗೆ ಇದ್ದಾನೆ. ತಿಗರಿಯಿಂದ ಇಳಿದ ಗಡಿಗೆಯು ಅರೆ ಒಣಗಿದಾಗ, ಒಳಗೆ ಕಲ್ಲನ್ನು ಆನಿಸಿ ಹೊರಗೆ ಹಲಗೆಯಿಂದ ಬಡಿಯುವರು. ಒಳಗಿನ ಕೈ ಆತುಕೊಂಡಿರುವದರಿಂದಲೇ ಹೊರಗಿನ ಪೆಟ್ಟು ಅದನ್ನು ಒಡೆಯದೆ ತೆಳ್ಳಗೆ, ಗಟ್ಟಿಯಾಗಿ ಮಾಡುವದು.

ಇನ್ನು ಅಲಂಕಾರದ ಮಾತು. ಮಸ್ಕಿಯೆಂದರೆ 1915ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನವು ಎಲ್ಲರ ನೆನಪಿಗೆ ಬರುವದು. ಆದರೆ ಅಲ್ಲಿ 1954ರಲ್ಲಿ ಬಿ. ಕೆ. ಥಾಪರರು ಅಗೆದಾಗ ಬಡವರ ಮಡಕೆಯ ಚೂರುಗಳೂ ದೊರೆತವು. ಕೆಲವು ಒಳಗೆ ಕಪ್ಪು, ಹೊರಗೆ ಕೆಂಪು. ಕೆಲವಕ್ಕೆ ಕೆಂಗಂದು ಲೇಪ, ಬಿಳಿಯ ಗೆರೆಗಳು. ಸುಡುವ ಮೊದಲೇ ಎಳೆದ ಆ ಗೆರೆಗಳು ಸುಮಾರು 2000 ವರುಷ ನೆಲದೊಳಗಿದ್ದರೂ ಅಳಿಯಲಿಲ್ಲ. ಲಿಂಗಸುಗೂರು ತಾಲೂಕಿನ ಮುದಗಲ್ಲಿನ ಬಳಿಯಲ್ಲಿರುವ ಪಿಕ್ಲಿಹಾಳದಲ್ಲಿ 1952ರಲ್ಲಿ ಆಲ್ಚಿನ್ ಎಂಬ ವಿದ್ವಾಂಸರು ಇನ್ನೂ ಹಳೆಯ ಮಡಕೆಗಳನ್ನು ಕಂಡರು. ಅಂಥ ಬಹು ಹಳೆಯ ಮಡಕೆಗಳಲ್ಲಿ ಕೆಲವಕ್ಕೆ ಸುಟ್ಟ ಮೇಲೆ ಕೆಮ್ಮಣ್ಣನ್ನು ಬಳಿದಿದ್ದರು. ಹಾಗೆ ಬಳಿದ ಬಣ್ಣವು ಬೆಂಕಿಯೊಡನೆ ಒಂದಾಗದೆ, ಉಜ್ಜಿದರೆ ಕೈಗೆ ಅಂಟುವದು.

ಪ್ರಿಯರೇ, ನಮ್ಮ ಮೇಲಿರುವ ಬಣ್ಣವು ಯಾವದು? ಭಾನುವಾರದ ಬಟ್ಟೆ, ಸಭೆಯ ಪಟ್ಟಿಯಲ್ಲಿ ಬರೆದ ಹೆಸರು, ಬಾಯಿಪಾಠವಾದ ಪ್ರಾರ್ಥನೆ, ಇವು ಸುಟ್ಟ ಮೇಲೆ ಬಳಿದ ಕೆಮ್ಮಣ್ಣು ಆಗಿರಬಹುದು. ಮಳೆ ತಪ್ಪಿ ಬೆಳೆ ಹೋದಾಗ, ಸಾಲಗಾರನು ಬಾಗಿಲಲ್ಲಿ ನಿಂತಾಗ, ಮನೆಯಲ್ಲಿ ಸಾವು ಆದಾಗ, ಅದು ಉಳಿಯುವದೋ? ತಾಯಂದಿರೇ, ತಂದೆಗಳೇ, ಸುಳ್ಳಾಡದಿರುವದನ್ನೂ ನೆರೆಯವನನ್ನು ಕ್ಷಮಿಸುವದನ್ನೂ ನಿಮ್ಮ ಮಕ್ಕಳಿಗೆ ಈಗಲೇ, ನಿಮ್ಮ ನಡತೆಯಿಂದಲೇ ಕಲಿಸಿರಿ. ಆವಿಗೆಗೆ ಬೆಂಕಿ ಬಿದ್ದ ಮೇಲೆ ಗೆರೆ ಎಳೆಯುವದಕ್ಕಾಗದು.

ಯೆರೆಮೀಯನು ಎರಡು ಪಾತ್ರೆಗಳನ್ನು ಕಂಡನು. ತಿಗರಿಯ ಮೇಲಿನದು ಕೆಟ್ಟಿತು. ಕುಂಬಾರನು ಅದೇ ಮಣ್ಣಿನಿಂದ ಬೇರೆ ಪಾತ್ರೆಯನ್ನು ಮಾಡಿದನು. ಹಿನ್ನೋಮನ ಕಣಿವೆಯಲ್ಲಿ ಒಡೆದದ್ದು ಸುಟ್ಟದ್ದಾಗಿತ್ತು, ಅದನ್ನು ಕೂಡಿಸುವವರಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಆದರೂ ನಿಮ್ಮಲ್ಲಿ ಒಬ್ಬನು, “ನಾನು ಕುಡಿದು, ಜಗಳವಾಡಿ, ಮನೆಯನ್ನು ಹಾಳುಮಾಡಿಕೊಂಡೆನು, ಸುಟ್ಟ ಗಡಿಗೆಗೆ ಇನ್ನೇನು ಗತಿ?” ಎಂದು ಅಳುತ್ತಿರಬಹುದು. ಸಹೋದರನೇ, ಅಳುವವನ ಮಣ್ಣು ಇನ್ನೂ ಹಸಿಯಾಗಿದೆ. ಉಸಿರಿರುವ ತನಕ ನೀನು ತಿಗರಿಯ ಮೇಲಿದ್ದೀ. ಕೆಟ್ಟ ಮುದ್ದೆಯನ್ನು ಆ ಕುಂಬಾರನು ಎಸೆಯಲಿಲ್ಲ. ಕೈಯನ್ನು ಒದ್ದೆಮಾಡಿಕೊಂಡು ಮತ್ತೆ ಹಿಡಿದನು. ಇಂದೇ ಆ ಕೈಗೆ ನಮ್ಮನ್ನು ಒಪ್ಪಿಸಿಕೊಡೋಣ. ಆಮೆನ್.