ಶಲ್ಯ, ಪ್ರಾರಬ್ಧ ಮತ್ತು ಒಪ್ಪಿಗೆ

ಹೆರಿಗೆಗಳಿಂದಲೋ ವಯಸ್ಸಿನಿಂದಲೋ ಕಿಬ್ಬೊಟ್ಟೆಯ ತಳದ ಸ್ನಾಯುಗಳು ಸಡಿಲಗೊಂಡು ಗರ್ಭಕೋಶ, ಮೂತ್ರಕೋಶ ಅಥವಾ ಗುದನಾಳವು ಯೋನಿಯೊಳಕ್ಕೆ, ಕೆಲವೊಮ್ಮೆ ಅದರಿಂದಾಚೆಗೂ ಜಾರಿದಾಗ, ಹೇಳಿಕೊಳ್ಳಲು ನಾಚುವ ಹೆಂಗಸು ಅದನ್ನು ಪ್ರಾರಬ್ಧವೆಂದು, ಎಂದರೆ ಹಿಂದಿನ ಕರ್ಮದ ಫಲವಾಗಿ ಈ ಜನ್ಮದಲ್ಲಿ ಉಂಡೇ ತೀರಬೇಕಾದ ಪಾಲೆಂದು ಭಾವಿಸಿ, ವರ್ಷಗಟ್ಟಲೆ ಸಹಿಸಿಕೊಳ್ಳುವುದುಂಟು. ಈ ಸಹನೆ ಧರ್ಮವೇ ಎಂಬ ಪ್ರಶ್ನೆಗೆ ಚರಕಸಂಹಿತೆಯ ಉತ್ತರ ಸ್ಪಷ್ಟವಾಗಿದೆ. ಅದರ ವಿಮಾನಸ್ಥಾನವು ಆಯುಸ್ಸನ್ನು ಪೂರ್ವಜನ್ಮದ ಕರ್ಮವಾದ ದೈವಕ್ಕೂ ಈ ಜನ್ಮದ ಪ್ರಯತ್ನವಾದ ಪುರುಷಕಾರಕ್ಕೂ ಅಧೀನವೆಂದು ಹೇಳಿ, ದುರ್ಬಲ ದೈವವನ್ನು ಪ್ರಯತ್ನವು ಮೀರಬಲ್ಲದೆಂದು ಒಪ್ಪುತ್ತದೆ; ಚಿಕಿತ್ಸಾಸ್ಥಾನದ 30ನೆಯ ಅಧ್ಯಾಯವು 20 ಯೋನಿರೋಗಗಳನ್ನು ಸಂಕೋಚವಿಲ್ಲದೆ ಹೆಸರಿಸಿ, ಸ್ಥಾನ ತಪ್ಪಿದ ಅಂಗವು ಹೆಣ್ಣಿಗೆ ಶಲ್ಯವೇ, ಅಂದರೆ ಒಡಲಲ್ಲಿ ನಾಟಿದ ಹೊರವಸ್ತುವಿನಂತೆಯೇ ಎಂದು ಭಾವಿಸಿ, ಸ್ನೇಹ-ಸ್ವೇದನಗಳ ನಂತರ ಅದನ್ನು ಕೈಯಿಂದ ಒಳಸೇರಿಸುವ ಕ್ರಮವನ್ನು ತಿಳಿಸುತ್ತದೆ.

ಹೇಳಿಕೊಳ್ಳಲು ತಡೆಯಾಗುವ ನಾಚಿಕೆಗೂ ಚೆನ್ನೈನಲ್ಲಿ ಒಂದು ಉತ್ತರ ಸಿಕ್ಕಿತ್ತು. ಅಲ್ಲಿ ಎಗ್ಮೋರಿನ ಹೆರಿಗೆ ಆಸ್ಪತ್ರೆ 1844ರಷ್ಟು ಹಳೆಯದು. ಆದರೆ ಪರದೆಯ ಕಟ್ಟಳೆಯಲ್ಲಿದ್ದ ಹೆಂಗಸರು ಪುರುಷ ವೈದ್ಯರ ಮುಂದೆ ಬಾರದಿದ್ದುದರಿಂದ, ಮದರಾಸು ವೈದ್ಯಕೀಯ ಕಾಲೇಜಿನಲ್ಲಿ ಕಲಿತ ಮೇರಿ ಶಾರ್ಲೀಬ್ ಅವರ ಯತ್ನದಿಂದ 1885ರಲ್ಲಿ ಪ್ರತ್ಯೇಕ ಆಸ್ಪತ್ರೆಯೊಂದು ಆರಂಭವಾಯಿತು. ತಿರುವಲ್ಲಿಕ್ಕೇಣಿಯ ಆ ಸಂಸ್ಥೆ ಕಸ್ತೂರಬಾ ಗಾಂಧಿಯವರ ಹೆಸರು ಪಡೆದ ಮೇಲೂ ಜನರ ಬಾಯಲ್ಲಿ ಗೋಷಾ, ಅಂದರೆ ಪರದೆಯ, ಆಸ್ಪತ್ರೆಯಾಗಿಯೇ ಉಳಿದಿದೆ. ಲಜ್ಜೆಯನ್ನು ಹಳಿಯದೆ ಅದಕ್ಕೊಂದು ಬಾಗಿಲು ತೆರೆದ ಆ ವಿವೇಕವು ಮೆಶ್‌ನ ಕಾಲದಲ್ಲಿಯೂ ಬೇಕಾಗಿದೆ.

ಮೆಶ್ ಎಂದರೆ ಜಾರಿದ ಅಂಗವನ್ನು ಎತ್ತಿಹಿಡಿಯಲು ಇಡುವ, ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ ಎಳೆಗಳ ಜಾಲರಿ. ಹೊಟ್ಟೆಯ ಮೂಲಕ ಮಾಡುವ ಶಸ್ತ್ರಕ್ರಿಯೆಯಲ್ಲಿ ಅದರ ಒಂದು ತುದಿಯನ್ನು ಯೋನಿಯ ಮೇಲ್ಭಾಗಕ್ಕೂ ಮತ್ತೊಂದನ್ನು ಬೆನ್ನುಮೂಳೆಯ ಬುಡದ ತ್ರಿಕಾಸ್ಥಿಯ ಮುಂಭಾಗಕ್ಕೂ ಹೊಲಿಯುತ್ತಾರೆ. ಯೋನಿಯ ಮೂಲಕ ಮಾಡುವ ಕ್ರಮದಲ್ಲಿ ಅದರ ಗೋಡೆಯನ್ನು ಸೀಳಿ ಒಳಗಿಡುತ್ತಾರೆ. ರಂಧ್ರಗಳೊಳಗೆ ಊತಕ ಬೆಳೆದು ಹೆಣೆದುಕೊಳ್ಳುವುದರಿಂದಲೇ ಜಾಲರಿ ಗಟ್ಟಿಯಾಗಿ ನಿಲ್ಲುತ್ತದೆ, ಮತ್ತು ಅದೇ ಕಾರಣದಿಂದ, ಅದು ಗೋಡೆಯನ್ನು ಕೊರೆದು ಹೊರಬಂದಾಗ ಅಥವಾ ನೋವು ಕೊಟ್ಟಾಗ, ಪೂರ್ತಿಯಾಗಿ ತೆಗೆಯುವುದು ಬಹು ಕಷ್ಟವಾಗುತ್ತದೆ. ಒಂದು ಶಲ್ಯದ ನಿವಾರಣೆಗೆ ಇಟ್ಟದ್ದು ಇನ್ನೊಂದು ಶಲ್ಯವಾಗುವ ಈ ಸಾಧ್ಯತೆಯಿಂದಾಗಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಅಂಗ ಜಾರುವಿಕೆಗೆ ಯೋನಿಯ ಮೂಲಕ ಇಡುವ ಮೆಶ್‌ನ ಮಾರಾಟವನ್ನು 2019ರ ಏಪ್ರಿಲ್‌ನಲ್ಲಿ ನಿಲ್ಲಿಸಿತು. ಹೊಟ್ಟೆಯ ಮೂಲಕ ಇಡುವ ಕ್ರಮ ಈಗಲೂ ಬಳಕೆಯಲ್ಲಿದೆ.

ಹಿಂತೆಗೆಯಲಾಗದ ವಸ್ತುವನ್ನು ದೇಹಕ್ಕೆ ಸೇರಿಸುವ ಮುನ್ನ ಒಪ್ಪಬೇಕಾದವರು ಯಾರು? ಅರಿವಳಿಕೆಯಲ್ಲಿದ್ದ ಮಹಿಳೆಯ ಗರ್ಭಕೋಶವನ್ನು ಆಕೆಯ ತಾಯಿಯ ಒಪ್ಪಿಗೆಯ ಮೇಲೆ ತೆಗೆದ ಪ್ರಕರಣದಲ್ಲಿ, ತುರ್ತು ಇಲ್ಲದಿರುವಾಗ ಆ ಒಪ್ಪಿಗೆ ಸಲ್ಲದೆಂದು ಸುಪ್ರೀಂ ಕೋರ್ಟ್ 2008ರಲ್ಲಿ ತೀರ್ಪಿತ್ತಿದೆ. ಕಾನೂನು ಹೀಗೆ ಹೇಳಿದ್ದರೂ, ಗಂಡನೋ ಮಗನೋ ಸಹಿ ಹಾಕಿ ಕಾಗದ ಮುಗಿಸಿದರೆ ಸಾಕೆಂಬ ರೂಢಿ ಮನೆಗಳಿಂದ ಇನ್ನೂ ಹೋಗಿಲ್ಲ. ಮೆಶ್‌ನಿಂದ ಸಂಭವಿಸಬಹುದಾದ ಕೇಡುಗಳಲ್ಲಿ ದಾಂಪತ್ಯದ ಕೂಟದಲ್ಲಿನ ನೋವೂ ಒಂದಾಗಿರುವಾಗ, ಅದನ್ನು ತಾಳಬಹುದೇ, ಜಾಲರಿಯಿಲ್ಲದೆ ಸ್ವಂತ ಊತಕವನ್ನೇ ಹೊಲಿಯುವ, ಆದರೆ ಮತ್ತೆ ಜಾರುವ ಸಂಭವವಿರುವ ದಾರಿಯೇ ಒಳಿತೇ ಎಂಬ ಪ್ರಶ್ನೆಗೆ ಮಗನಲ್ಲಿ ಯಾವ ಉತ್ತರವೂ ಇರಲಾರದು.