ರಜೆ ಯಾಕಮ್ಮ?

ಹೊಸ ಕ್ಯಾಲೆಂಡರ್ ಮನೆಗೆ ಬಂದರೆ ಮಕ್ಕಳ ಕಣ್ಣು ಮೊದಲು ಹುಡುಕುವುದು ಕೆಂಪಕ್ಷರದ ದಿನಗಳನ್ನು. ಮಹಾವೀರ ಜಯಂತಿ, ಗುಡ್ ಫ್ರೈಡೇ, ಬಸವ ಜಯಂತಿ, ರಂಜಾನ್ ಎಲ್ಲವೂ ಅವರ ಪಾಲಿಗೆ ರಜೆ. ಒಮ್ಮೊಮ್ಮೆ ಒಂದು ಪ್ರಶ್ನೆಯೂ ಬರುತ್ತದೆ: 'ರಂಜಾನ್ ಪ್ರತಿ ವರ್ಷ ಬೇರೆ ಬೇರೆ ದಿನ ಬರುತ್ತದಲ್ಲ, ಯಾಕಮ್ಮ?' ಪಂಚಾಂಗ ನೋಡುವ ಅಜ್ಜಿಯೇ ಇದಕ್ಕೆ ಉತ್ತರ ಹೇಳಬಲ್ಲರು. ಹನ್ನೆರಡು ಚಾಂದ್ರಮಾಸ ಸೇರಿದರೆ ಸುಮಾರು 354 ದಿನ. ಸೌರವರ್ಷಕ್ಕಿಂತ ಹನ್ನೊಂದು ದಿನ ಕಡಿಮೆ. ಪಂಚಾಂಗದವರು ಸುಮಾರು ಮೂರು ವರ್ಷಕ್ಕೊಮ್ಮೆ ಅಧಿಕಮಾಸ ಸೇರಿಸಿ ಇದನ್ನು ಸರಿದೂಗಿಸುತ್ತಾರೆ. ಮುಸ್ಲಿಮರ ಲೆಕ್ಕದಲ್ಲಿ ಅಧಿಕಮಾಸವಿಲ್ಲ. ಆದ್ದರಿಂದ ಅವರ ಉಪವಾಸದ ತಿಂಗಳು ಮಳೆ, ಚಳಿ, ಬೇಸಿಗೆ ಎಲ್ಲ ಕಾಲಗಳನ್ನೂ ಸುತ್ತಿ ಬರುತ್ತದೆ. ಇಷ್ಟು ತಿಳಿದ ಮಗು, ಬಿರುಬೇಸಿಗೆಯಲ್ಲಿ ಹನಿ ನೀರೂ ಕುಡಿಯದೆ ತರಗತಿಯಲ್ಲಿ ಕುಳಿತ ಗೆಳೆಯನನ್ನು ಗೌರವದಿಂದ ನೋಡುತ್ತದೆ.

ಶಾಲೆಯಲ್ಲಿ ಧರ್ಮದ ಮಾತೇ ಬೇಡ ಎನ್ನುವವರಿದ್ದಾರೆ. ಅವರ ಆತಂಕಕ್ಕೆ ಕಾರಣವಿದೆ. ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಗಳಲ್ಲಿ ಮತಬೋಧನೆ ಕೂಡದೆಂದು ಸಂವಿಧಾನದ 28ನೇ ವಿಧಿ ಹೇಳುತ್ತದೆ. ಆದರೆ ಬೋಧನೆ ಬೇರೆ, ಪರಿಚಯ ಬೇರೆ. ಎಲ್ಲ ಧರ್ಮಗಳ ತಿಳಿವಳಿಕೆ ಕೊಡುವುದಕ್ಕೆ ಈ ವಿಧಿಯ ಅಡ್ಡಿಯಿಲ್ಲ ಎಂದು 2002ರಲ್ಲಿ ಸುಪ್ರೀಂ ಕೋರ್ಟ್ ಕೂಡ ಒಪ್ಪಿತು. 'ನೀನು ಹೀಗೆ ನಂಬು' ಎನ್ನುವುದು ಮೇಷ್ಟ್ರ ಕೆಲಸವಲ್ಲ. 'ನಿನ್ನ ಪಕ್ಕದಲ್ಲಿ ಕೂತವನ ಮನೆಯಲ್ಲಿ ಹೀಗೆ ನಂಬುತ್ತಾರೆ' ಎಂದು ತಿಳಿಸುವುದು ಖಂಡಿತ ಅವರ ಕೆಲಸ.

ನಮ್ಮ ಮಕ್ಕಳು ಶಾಲಾ ಪ್ರವಾಸದಲ್ಲಿ ಶ್ರವಣಬೆಳಗೊಳಕ್ಕೆ ಹೋಗಿ ಗೊಮ್ಮಟನನ್ನು ನೋಡಿ ಬರುತ್ತಾರೆ. ಅಲ್ಲಿಯೇ ಇರುವ 1368ರ ಬುಕ್ಕರಾಯನ ಶಾಸನದ ಕಥೆಯನ್ನೂ ಅವರಿಗೆ ಹೇಳಬೇಕು. ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯ ಬಂದಾಗ, ಅರಸನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿ ಇರಿಸಿದನು. ಜೈನರ ಹಾನಿಯನ್ನು ವೈಷ್ಣವರು ತಮ್ಮದೇ ಹಾನಿ ಎಂದು ಭಾವಿಸಬೇಕೆಂದು ವಿಧಿಸಿದನು. ಅಷ್ಟಕ್ಕೇ ಬಿಡಲಿಲ್ಲ. ಜೈನರ ಮನೆಗಳಿಂದ ವರ್ಷಕ್ಕೊಂದು ಹಣ ಎತ್ತಿ, ಬೆಳಗೊಳಕ್ಕೆ ಇಪ್ಪತ್ತು ಮಂದಿ ಕಾವಲಿನವರನ್ನು ವೈಷ್ಣವರ ಕಡೆಯಿಂದಲೇ ನೇಮಿಸಬೇಕು, ಉಳಿದ ಹಣದಲ್ಲಿ ಬಸದಿಗಳ ಜೀರ್ಣೋದ್ಧಾರವಾಗಬೇಕು ಎಂಬ ಏರ್ಪಾಟೂ ಆಯಿತು. ಸೌಹಾರ್ದಕ್ಕೆ ಸದ್ಭಾವನೆಯ ಜೊತೆಗೆ ಲೆಕ್ಕ, ಕಾವಲು, ದುರಸ್ತಿಯೂ ಬೇಕೆಂದು ಆ ಕಾಲದವರು ಅರಿತಿದ್ದರು.

ನಮ್ಮ ಮನೆಗಳಲ್ಲೂ ಒಂದು ಸಣ್ಣ ಏರ್ಪಾಟು ಸಾಧ್ಯ. ಇನ್ನೊಬ್ಬರ ಧರ್ಮದ ಬಗ್ಗೆ ಮಗುವಿಗೆ ಏನಾದರೂ ಹೇಳುವಾಗ, ಆ ಧರ್ಮದವರೊಬ್ಬರು ನಮ್ಮ ಪಡಸಾಲೆಯಲ್ಲೇ ಕುಳಿತು ಕೇಳುತ್ತಿದ್ದಾರೆ ಎಂದುಕೊಳ್ಳೋಣ. ಅವರು 'ಹೌದು, ನಾವು ಹೀಗೆಯೇ' ಎಂದು ತಲೆದೂಗುವಂತಿದ್ದರೆ ಆ ಮಾತು ಹೇಳಲು ಯೋಗ್ಯ. ಸಂದೇಹವಿದ್ದರೆ ಮಗುವನ್ನು ಕರೆದುಕೊಂಡು ಅವರ ಮನೆಗೇ ಹೋಗಿ ಕೇಳೋಣ. ಕೇಳಿ ತಿಳಿಯುವುದು ಕೂಡ ವಿದ್ಯೆಯೇ, ಅದನ್ನು ಮಕ್ಕಳು ಕಲಿಯುವುದು ನಮ್ಮನ್ನು ನೋಡಿ.